ಹಳೇ ಗಾರ್ಡನ್ ಟ್ರ್ಯಾಕ್ಟರ್‌ಗೆ ಹಿಂದಿನ ಲಿಫ್ಟ್: ಎತ್ತುವುದಕ್ಕಿಂತ ಬಿಡುವುದೇ ಕಷ್ಟವಾದ ಒಂದು ಪ್ರಕರಣ

ಗಾರ್ಡನ್ ಟ್ರ್ಯಾಕ್ಟರ್‌ಗೆ ಹಿಂದಿನ ಲಿಫ್ಟ್, ಅಂದರೆ ಹಿಂದೆ ಕಟ್ಟಿದ ಉಪಕರಣ ಎತ್ತಿ ಇಳಿಸುವ ಸಾಧನ, ಕೂರಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಒಂದೇ: ಎಷ್ಟು ಕೆಜಿ ಎತ್ತುತ್ತೆ? ಈ ಪ್ರಕರಣದಲ್ಲಿ ಆ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿತು. ಸಿಗದೆ ಕಾಡಿದ್ದು ಬೇರೆ. ಎತ್ತುವ ಕೆಲಸ ಇಲ್ಲದಾಗ ಭಾರ ಯಾರ ಮೇಲೆ ಕೂರುತ್ತದೆ? ನೆಲ ಏರಿಳಿದಾಗ ಉಪಕರಣ ತಾನಾಗಿ ಮೇಲೆ ಬರಬಹುದಾ, ಇಲ್ಲವಾ? ಇದನ್ನು ಕೇಳಿಕೊಳ್ಳುವ ಹೊತ್ತಿಗೆ ಒಂದು ಆಕ್ಚುವೇಟರ್ (ಮೋಟಾರಿನಿಂದ ಉದ್ದ ಗಿಡ್ಡ ಆಗುವ ರಾಡ್) ಬಾಗಿತ್ತು.

ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಗುರುತು, ಟ್ರ್ಯಾಕ್ಟರಿನ ಕಂಪನಿ, ಮಾಡೆಲ್ ಬಿಟ್ಟಿದ್ದೇನೆ. ಅಳತೆಗಳನ್ನು ಸುತ್ತು ಅಂಕಿಗೆ ತಂದಿದ್ದೇನೆ, ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ. ನಾನು ಈ ಕೆಲಸಕ್ಕೆ ಸೇರಿಕೊಂಡಿದ್ದು ಮಧ್ಯದಲ್ಲಿ. ಎರಡನೇ ಸುತ್ತಿನ ಲೆಕ್ಕ, ಚಿತ್ರ ನನ್ನದು. ಕಬ್ಬಿಣದ ಕೆಲಸ ಎಲ್ಲಾ ಅವರದ್ದೇ.

ಹಿನ್ನೆಲೆ

ಟ್ರ್ಯಾಕ್ಟರ್‌ಗೆ ಮೂವತ್ತು ವರ್ಷ ದಾಟಿತ್ತು. ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್, 16 ಎಚ್‌ಪಿ, ಗೇರ್ ಡ್ರೈವ್. ಒಟ್ಟು ತೂಕ ಸುಮಾರು 300 ಕೆಜಿ. ಡ್ರೈವರ್ ಇಲ್ಲದಾಗ ಮುಂದಿನ ಆಕ್ಸಲ್ ಮೇಲೆ 110, ಹಿಂದಿನದರ ಮೇಲೆ 190. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 120 ಸೆಂ.ಮೀ. ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಡೆಕ್, ಅದನ್ನು ಎತ್ತಲು ಪಕ್ಕದಲ್ಲಿ ಒಂದು ಕೈ ಲಿವರ್. ಹಿಂದೆ ಟ್ರಾಲಿ ಎಳೆಯಲು ತೂತಿರುವ ಒಂದು ಹಿಚ್ ಪ್ಲೇಟ್, ಅಷ್ಟೇ.

ಅವರ ಹತ್ತಿರ ಎರಡು ಉಪಕರಣ ಇದ್ದವು. 40 ಕೆಜಿಯ ಐದು ಹಲ್ಲಿನ ಕಲ್ಟಿವೇಟರ್, 48 ಕೆಜಿಯ ಮಟ್ಟ ಮಾಡುವ ಬ್ಲೇಡ್. ಎರಡನ್ನೂ ಹಿಂದಿನ ತೂತಿಗೆ ಸಿಕ್ಕಿಸಿ ಎಳೆಯುತ್ತಿದ್ದರು. ಪ್ರತಿ ಸಾಲಿನ ಕೊನೆಗೆ ಇಳಿಯಬೇಕು, ಉಪಕರಣ ಎತ್ತಿ ತಿರುಗಿಸಬೇಕು, ಮತ್ತೆ ಹತ್ತಬೇಕು. ಬೆನ್ನು ಕೇಳಲಿಲ್ಲ. ಹಾಗಾಗಿ ಲಿಫ್ಟ್ ಬೇಕಾಯಿತು.

ಒಂದು ವಿಷಯ ಅವರಿಗೆ ಅನುಕೂಲವಾಗಿತ್ತು. ಹಿಂದಿನ ಗೇರ್‌ಬಾಕ್ಸ್ ಎರಕದ ಕಬ್ಬಿಣದ್ದು, ಆಕ್ಸಲ್ ದಪ್ಪ, ಚಾಸಿ ಚಾನೆಲ್ ಆಕಾರದ್ದು. ಇದನ್ನು ಮೊದಲೇ ನೋಡಲೇಬೇಕು. ಹೊರಗಿನಿಂದ ಒಂದೇ ಥರ ಕಾಣುವ ಎಷ್ಟೋ ಲಾನ್ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಚಾಸಿ ತೆಳು ತಗಡು. ಅವು ಹುಲ್ಲು ಕತ್ತರಿಸಲು, ಸಣ್ಣ ಟ್ರಾಲಿ ಎಳೆಯಲು ಮಾಡಿದವು. ಮಣ್ಣಲ್ಲಿ ಹಲ್ಲು ಇಳಿಸಿ ಎಳೆಯುವ ಕೆಲಸಕ್ಕಲ್ಲ. ಅಂಥದ್ದಕ್ಕೆ ಲಿಫ್ಟ್ ಕೂರಿಸಿಕೊಡಿ ಅಂದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಇನ್ನೊಂದು ತೀರ್ಮಾನವೂ ಮೊದಲೇ ಆಗಬೇಕಿತ್ತು: ಮೂರು ಬಿಂದುವಿನ ಹಿಚ್ಚಾ, ಒಂದೇ ಕೀಲಿನ ಫ್ರೇಮಾ? ಮೂರು ಬಿಂದುವಿನದು, ಅಂದರೆ ಕೆಳಗೆ ಎರಡು, ಮೇಲೆ ಒಂದು ತೋಳಿನಿಂದ ಉಪಕರಣ ಹಿಡಿಯುವುದು, ಹ್ಯಾರಿ ಫರ್ಗ್ಯುಸನ್ ರೂಪಿಸಿದ ಪದ್ಧತಿ. 1939ರಲ್ಲಿ ಫೋರ್ಡ್ ಜೊತೆ ಸೇರಿ ತಂದ 9ಎನ್ ಟ್ರ್ಯಾಕ್ಟರ್‌ನಿಂದ ಅದು ಹೆಸರಾಯಿತು. ಇವತ್ತು ಹೆಚ್ಚಿನ ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ಅದೇ ಇದೆ. ಗಾರ್ಡನ್ ಟ್ರ್ಯಾಕ್ಟರ್ ಅಳತೆಗೆ ಅದರ ಕೆಟಗರಿ 0 ಇದೆ: 16 ಮಿ.ಮೀ ಪಿನ್, ಕೆಳಗಿನ ಎರಡು ಪಿನ್ ನಡುವೆ ಸುಮಾರು 51 ಸೆಂ.ಮೀ. ಇದರಲ್ಲಿ ಉಪಕರಣ ಮೇಲೆ ಕೆಳಗೆ ಹೋದರೂ ಅದರ ಓರೆ ಜಾಸ್ತಿ ಬದಲಾಗದ ಹಾಗೆ ಮೇಲಿನ ತೋಳು (ಟಾಪ್ ಲಿಂಕ್) ಹೊಂದಿಸಿಕೊಳ್ಳಬಹುದು. ಒಂದೇ ಕೀಲಿನ ಫ್ರೇಮ್‌ನಲ್ಲಿ ಉಪಕರಣ ಬಾಗಿಲಿನ ಥರ ತಿರುಗುತ್ತದೆ, ಆಳ ಬದಲಾದರೆ ಹಲ್ಲಿನ ಓರೆಯೂ ಬದಲಾಗುತ್ತದೆ. ಆದರೆ ಮಾಡುವುದು ಸುಲಭ, ಅಕ್ಕಪಕ್ಕ ಓಲಾಡುವುದಿಲ್ಲ. ಇದ್ದ ಎರಡು ಉಪಕರಣಕ್ಕೆ ಅದೇ ಸಾಕು ಅಂತ ಅವರು ಒಂದೇ ಕೀಲಿನದನ್ನು ಆರಿಸಿಕೊಂಡರು. ನನಗೂ ಅದು ಸರಿ ಅನ್ನಿಸಿತು.

ಕೀಲನ್ನು ಆಕ್ಸಲ್‌ನ ನಡುಮಟ್ಟಕ್ಕಿಂತ ಕೆಳಗೆ, ಆಕ್ಸಲ್‌ನಿಂದ 20 ಸೆಂ.ಮೀ ಹಿಂದೆ ಇಟ್ಟರು. ಕೆಳಗೆ ಅನ್ನುವುದು ಇಷ್ಟಬಂದಂತೆ ಬದಲಾಯಿಸುವ ವಿಷಯವಲ್ಲ. ಎಳೆಯುವ ಬಿಂದು ಆಕ್ಸಲ್‌ಗಿಂತ ಮೇಲಿದ್ದು, ಹಲ್ಲು ಬೇರಿಗೆ ಸಿಕ್ಕಿಕೊಂಡರೆ, ಟ್ರ್ಯಾಕ್ಟರ್ ಮುಂದಿನ ಚಕ್ರ ಎತ್ತಿ ಡ್ರೈವರ್ ಮೇಲೆ ಹಿಂದಕ್ಕೆ ಮಗುಚಬಹುದು.

ಕೈ ಲಿವರ್

ಮೊದಲ ಯೋಚನೆ ಸರಳವಾಗಿತ್ತು. ಡೆಕ್ ಎತ್ತುವ ಲಿವರ್ ಇದ್ದೇ ಇದೆ, ಅದರಿಂದ ಹಿಂದಕ್ಕೆ ಒಂದು ರಾಡ್ ಎಳೆದರೆ ಆಯಿತು.

ಬ್ಲೇಡಿನ ತೂಕ 48 ಕೆಜಿ. ಆ ಭಾರದ ನಡುಬಿಂದು ಕೀಲಿನಿಂದ 75 ಸೆಂ.ಮೀ ಹಿಂದೆ. ಅಂದರೆ ಕೀಲಿನ ಸುತ್ತ 36 ಕೆಜಿ-ಮೀಟರ್ ತಿರುಚು ಬಲ. ಲಿವರ್ ಸುಮಾರು 40 ಡಿಗ್ರಿ ತಿರುಗುತ್ತಿತ್ತು, ಫ್ರೇಮ್ 20 ಡಿಗ್ರಿ ಏರಬೇಕಿತ್ತು. ಹಾಗಾಗಿ ಲಿವರ್ ಬುಡದಲ್ಲಿ 18 ಕೆಜಿ-ಮೀಟರ್. ಲಿವರ್ ಉದ್ದ 60 ಸೆಂ.ಮೀ. ಕೈಗೆ ಬೀಳುವುದು 30 ಕೆಜಿ. ನಿಂತು 30 ಕೆಜಿ ಎತ್ತುವುದು ಬೇರೆ, ಸೀಟಿನಲ್ಲಿ ಕೂತು, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಲ್ಲಿ ಪ್ರತಿ ತಿರುವಿಗೂ ಎಳೆಯುವುದು ಬೇರೆ.

ಅದಕ್ಕೆ ಒಂದು ದಪ್ಪ ಸ್ಪ್ರಿಂಗ್ ಸೇರಿಸಿದರು. ಲಿವರ್ ಹಗುರಾಯಿತು. ಆದರೆ ಕಲ್ಟಿವೇಟರ್ ಮಣ್ಣಿಗೆ ಇಳಿಯುವುದನ್ನೇ ನಿಲ್ಲಿಸಿತು. ಎತ್ತುವಾಗ ನೆರವಾಗುವ ಸ್ಪ್ರಿಂಗ್ ಇಳಿಸಿದ ಮೇಲೂ ಎತ್ತುತ್ತಲೇ ಇರುತ್ತದೆ, ಅಲ್ವಾ? 40 ಕೆಜಿಯ ಉಪಕರಣದಲ್ಲಿ ಅರ್ಧ ಭಾರವನ್ನು ಸ್ಪ್ರಿಂಗೇ ಹೊತ್ತುಕೊಂಡರೆ ಹಲ್ಲುಗಳಿಗೆ ಉಳಿಯುವುದು ಉಳಿದರ್ಧ. ಗಟ್ಟಿ ನೆಲದ ಮೇಲೆ ಅವು ಸುಮ್ನೆ ಗೀರಿಕೊಂಡು ಬಂದವು. ಇಳಿದ ಮೇಲೆ ಉಪಕರಣ ತನ್ನ ಪೂರ್ತಿ ಭಾರದಲ್ಲಿ, ಯಾರ ತಡೆಯೂ ಇಲ್ಲದೆ ಇರಬೇಕು ಅನ್ನುವ ಸೂಚನೆ ಇಲ್ಲೇ ಸಿಕ್ಕಿತ್ತು. ಆಗ ಅದನ್ನು ಸ್ಪ್ರಿಂಗಿನ ದೋಷ ಅಂತಷ್ಟೇ ತಿಳಿದರು.

ಕೈ ಲಿವರ್ ಕೈಬಿಡಲು ನಿಜವಾದ ಕಾರಣ ಇನ್ನೊಂದು. ಬ್ಲೇಡ್ ಎತ್ತಿಕೊಂಡು ಹೋಗುವಾಗ ಚಕ್ರ ಒಂದು ಉಬ್ಬು ಹತ್ತಿ ಇಳಿಯಿತು. ಲಿವರ್ ತಡೆಯುವ ಕಚ್ಚು ಸವೆದಿತ್ತು, ಲಿವರ್ ಕಳಚಿ ಜೋರಾಗಿ ಹಾರಿತು. ಅವರ ಮೊಣಕೈಗೆ ತಾಗದೆ ಸ್ವಲ್ಪದರಲ್ಲೇ ತಪ್ಪಿತು. ಅವತ್ತೇ ರಾಡ್ ಬಿಚ್ಚಿಟ್ಟರು.

ಹೈಡ್ರಾಲಿಕ್ಕಾ, ಎಲೆಕ್ಟ್ರಿಕ್ಕಾ

ಹೈಡ್ರಾಲಿಕ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಫ್ಲೋಟ್ ಇರುವ ವಾಲ್ವ್ ಹಾಕಿದರೆ ಉಪಕರಣ ನೆಲದ ಜೊತೆ ತಾನೇ ಏರಿಳಿಯುತ್ತದೆ. ಆದರೆ ಈ ಟ್ರ್ಯಾಕ್ಟರ್ ಗೇರಿನದು, ಎಣ್ಣೆ ಪಂಪ್ ಒಳಗೆ ಇಲ್ಲ. ಎಂಜಿನ್‌ನಿಂದ ಬೆಲ್ಟ್ ಹಾಕಿ ಪಂಪ್ ಓಡಿಸಲು ಜಾಗ ಇರಲಿಲ್ಲ. ಬ್ಯಾಟರಿಯಿಂದ ಓಡುವ 12 ವೋಲ್ಟ್ ಪವರ್ ಪ್ಯಾಕ್ ಎಳೆಯುವ ಕರೆಂಟ್ ಇಷ್ಟು ಚಿಕ್ಕ ಬ್ಯಾಟರಿಗೆ ಜಾಸ್ತಿ. ಹಾಗಾಗಿ 12 ವೋಲ್ಟ್ ಆಕ್ಚುವೇಟರ್ ಆರಿಸಿದರು. ಮೋಟಾರ್ ಒಂದು ಸ್ಕ್ರೂ ತಿರುಗಿಸುತ್ತದೆ, ರಾಡ್ ಉದ್ದ ಗಿಡ್ಡ ಆಗುತ್ತದೆ. ಸಾಮಾನ್ಯ ಸ್ಕ್ರೂ ಇರುವುದಾದರೆ ಕರೆಂಟ್ ನಿಂತರೂ ಭಾರ ಜಾರುವುದಿಲ್ಲ. ಗುಂಡಿನ ಸ್ಕ್ರೂ (ಬಾಲ್ ಸ್ಕ್ರೂ) ಇರುವುದಾದರೆ ಬ್ರೇಕ್ ಇದೆಯಾ ಅಂತ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಭಾರಕ್ಕೆ ಅದೇ ತಿರುಗಿ ಇಳಿಯುತ್ತದೆ.

ತಂದಿದ್ದು 3000 ನ್ಯೂಟನ್‌ನದು, ಅಂದರೆ ಸುಮಾರು 306 ಕೆಜಿ ಬಲ. 48 ಕೆಜಿಗೆ 306 ಧಾರಾಳ ಅಂದುಕೊಂಡರು. ಮೇಲ್ತುದಿಯನ್ನು ಸೀಟಿನ ಕೆಳಗಿನ ತಗಡಿಗೆ ಬೋಲ್ಟ್ ಮಾಡಿದರು. ಕೆಳತುದಿಯನ್ನು ಕೀಲಿನಿಂದ 15 ಸೆಂ.ಮೀ ಹಿಂದೆ, ಫ್ರೇಮಿಗೆ ನೇರ ಪಿನ್ ಹಾಕಿ ಕೂಡಿಸಿದರು.

ಕಲ್ಟಿವೇಟರ್ ಮುಕ್ಕಿರಿದು ಎದ್ದಿತು. ಬ್ಲೇಡ್ ಕೆಳಗಿನಿಂದ ಏಳಲೇ ಇಲ್ಲ. ಕೈಯಲ್ಲಿ ಸ್ವಲ್ಪ ಎತ್ತಿಕೊಟ್ಟರೆ ಆಮೇಲೆ ಹೋಗುತ್ತಿತ್ತು.

ಫ್ರೇಮ್ ಪೂರ್ತಿ ಕೆಳಗಿದ್ದಾಗ ಆಕ್ಚುವೇಟರ್ ಅದನ್ನು ಲಂಬವಾಗಿ ಎಳೆಯುತ್ತಿರಲಿಲ್ಲ, ಫ್ರೇಮಿನ ಜೊತೆ ಬರೀ 40 ಡಿಗ್ರಿ ಕೋನದಲ್ಲಿ ಎಳೆಯುತ್ತಿತ್ತು. 15 ಸೆಂ.ಮೀ ಅಂತ ಕಂಡರೂ ಕೆಲಸಕ್ಕೆ ಬರುವ ದೂರ 9.6 ಸೆಂ.ಮೀ ಮಾತ್ರ. 36 ಕೆಜಿ-ಮೀಟರ್‌ಗೆ ಅಲ್ಲಿ 375 ಕೆಜಿ ಬಲ ಬೇಕು. ಅದೂ ಮಣ್ಣಿನ ಹಿಡಿತ ಸೇರಿಸದೆ. ಲಿಫ್ಟ್‌ಗೆ ಜಾಸ್ತಿ ಬಲ ಬೇಕಾಗುವುದೇ ಆ ಕೆಳಗಿನ ಜಾಗದಲ್ಲಿ, ಅಲ್ಲೇ ಅದರ ಹಿಡಿತ ಎಲ್ಲಕ್ಕಿಂತ ಕಡಿಮೆ ಇತ್ತು.

ಬಾಗಿದ ದಿನ

ಅಷ್ಟಾದರೂ ಅವರು ಕೆಲಸ ಮುಂದುವರಿಸಿದರು. ಕಲ್ಟಿವೇಟರ್ ಹೊಡೆದ ಪಾತಿಯಲ್ಲಿ ಮಣ್ಣು ಅಲೆ ಅಲೆಯಾಗಿ ಬರುತ್ತಿತ್ತು. ಒಂದು ಕಡೆ ಆಳ, ಒಂದು ಕಡೆ ಮೇಲ್ಮೇಲೆ. ಆಳ ಬಂದ ಕಡೆ ಎಂಜಿನ್ ನಿಂತೇ ಹೋಗುತ್ತಿತ್ತು.

ಇದಕ್ಕೆ ಕಾರಣ ಆ ನೇರ ಪಿನ್. ಉಪಕರಣ ಟ್ರ್ಯಾಕ್ಟರಿನ ಜೊತೆ ಗಟ್ಟಿಯಾಗಿ ಕೂಡಿಕೊಂಡಿದ್ದರೆ, ಮುಂದಿನ ಚಕ್ರ ಏರಿದಷ್ಟಕ್ಕೆ ಹಿಂದಿನ ಹಲ್ಲು ಇಳಿಯುತ್ತದೆ. ಇಲ್ಲಿ ಹಲ್ಲು ಆಕ್ಸಲ್‌ಗಿಂತ ಸುಮಾರು 95 ಸೆಂ.ಮೀ ಹಿಂದೆ, ಮುಂದಿನ ಚಕ್ರ 120 ಸೆಂ.ಮೀ ಮುಂದೆ. ಮುಂದಿನ ಚಕ್ರ 10 ಸೆಂ.ಮೀ ಉಬ್ಬು ಹತ್ತಿದರೆ ಹಲ್ಲು 8 ಸೆಂ.ಮೀ ಆಳಕ್ಕೆ ಹೋಗುತ್ತದೆ. ತಗ್ಗಿಗೆ ಇಳಿದರೆ ಅಷ್ಟೇ ಮೇಲೆ ಬರುತ್ತದೆ. ಡ್ರೈವರ್ ಎಷ್ಟೇ ಜಾಣನಾದರೂ ಸ್ವಿಚ್ ಒತ್ತಿ ಇದನ್ನು ಸರಿದೂಗಿಸಲಾರ.

ಬಾಗಿದ್ದು ಬ್ಲೇಡ್ ಇದ್ದಾಗ. ಹಿಂದಿನ ಚಕ್ರಗಳು ಒಂದು ಗುಂಡಿಗೆ ಇಳಿದವು, ಬ್ಲೇಡ್ ಮಾತ್ರ ಗಟ್ಟಿ ನೆಲದ ಮೇಲೇ ಇತ್ತು. ಟ್ರ್ಯಾಕ್ಟರಿನ ಹಿಂಭಾಗ, ಡ್ರೈವರ್ ಸಮೇತ, ಬ್ಲೇಡ್ ಮೇಲೆ ಕೂತುಬಿಟ್ಟಿತು. ಬ್ಲೇಡ್ ಕೀಲಿನಿಂದ 75 ಸೆಂ.ಮೀ ದೂರ, ಆಕ್ಚುವೇಟರ್ ಹೆಚ್ಚೆಂದರೆ 15. ಬ್ಲೇಡ್ ಮೇಲೆ 100 ಕೆಜಿ ಬಿದ್ದರೂ ರಾಡ್ ಮೇಲೆ 500 ಕೆಜಿ. ಓರೆ ಇದ್ದರೆ ಇನ್ನೂ ಜಾಸ್ತಿ. ರಾಡ್ ಬಾಗಿತು. ಸೀಟಿನ ಕೆಳಗಿನ ತಗಡು ಮೇಲಕ್ಕೆ ಉಬ್ಬಿತು.

ಅವರು ನನ್ನನ್ನು ಕರೆದು ಕೇಳಿದ್ದು, "ಇದರ ಡಬಲ್ ಶಕ್ತಿದು ತರೋಣ್ವಾ?" ಇಡೀ ಪ್ರಕರಣದ ತಿರುವು ಈ ಪ್ರಶ್ನೆಯಲ್ಲೇ ಇತ್ತು. ಇನ್ನೂ ಬಲವಾದ ಆಕ್ಚುವೇಟರ್ ತಂದು ಅದೇ ರೀತಿ ಕೂರಿಸಿದ್ದರೆ ಬ್ಲೇಡ್ ಏಳುತ್ತಿತ್ತು. ಮುಂದಿನ ಗುಂಡಿಯಲ್ಲಿ ರಾಡ್ ಬದಲು ಫ್ರೇಮ್ ಬಾಗುತ್ತಿತ್ತು, ಇಲ್ಲವೇ ಸೀಟಿನ ತಗಡೇ ಹರಿಯುತ್ತಿತ್ತು. ಆಕ್ಚುವೇಟರ್ ಬಾಗಿದ್ದು ಎತ್ತಲಾಗದೆ ಅಲ್ಲ. ತನ್ನದಲ್ಲದ ಭಾರವನ್ನು ಹೊತ್ತು.

ಎರಡನೇ ಸುತ್ತು

ಮೊದಲು ಹಿಡಿದಿದ್ದು ಬೋಲ್ಟ್ ಹಾಕುವ ಜಾಗ. ಗೇರ್‌ಬಾಕ್ಸ್ ಮೈಗೆ ತೂತು ಕೊರೆಯಬೇಡಿ, ವೆಲ್ಡ್ ಮಾಡಬೇಡಿ ಅಂತ ಹೇಳಿದೆ. ಎರಕದ ಕಬ್ಬಿಣ ಎಳೆತಕ್ಕೆ ಬಿರುಕು ಬಿಡುತ್ತದೆ, ಒಳಗೆ ಎಣ್ಣೆ ಇದೆ, ಅದರ ವೆಲ್ಡಿಂಗ್ ಮನೆಯಲ್ಲಿ ಮಾಡುವಂಥದ್ದಲ್ಲ. ಬದಲಿಗೆ ಎರಡು ಪಕ್ಕಕ್ಕೂ 8 ಮಿ.ಮೀ ದಪ್ಪದ ಪ್ಲೇಟ್. ಪ್ರತಿ ಪ್ಲೇಟಿನ ಕೆಳಭಾಗ ಆಕ್ಸಲ್ ಹಿಡಿದಿರುವ ಇದ್ದ ಬೋಲ್ಟ್‌ಗಳಿಗೆ, ಬೋಲ್ಟ್ ಮಾತ್ರ ಸ್ವಲ್ಪ ಉದ್ದದ್ದು, 8.8 ಶಕ್ತಿ ದರ್ಜೆಯದು. ಮೇಲ್ಭಾಗ ಚಾಸಿ ಚಾನೆಲ್‌ಗೆ, ಒಳಗಡೆ ಇನ್ನೊಂದು ಪಟ್ಟಿ ಕೊಟ್ಟು. ಕೀಲು, ಆಕ್ಚುವೇಟರಿನ ಮೇಲ್ತುದಿ, ಎರಡೂ ಇದೇ ಪ್ಲೇಟಿಗೆ. ಸೀಟಿನ ತಗಡಿಗೆ ಒಂದು ಸ್ಕ್ರೂ ಕೂಡ ಇಲ್ಲ. ಪ್ಲೇಟುಗಳನ್ನು ಟ್ರ್ಯಾಕ್ಟರಿನಿಂದ ಬಿಚ್ಚಿ ದೂರ ಇಟ್ಟೇ ವೆಲ್ಡ್ ಮಾಡಿದರು. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಇರುವಲ್ಲಿ ಕಿಡಿ ಹಾರಿಸುವ ಕೆಲಸವೇ ಬೇಡ.

ಆಮೇಲೆ ದೂರ ಮತ್ತು ಓರೆ. ಫ್ರೇಮ್ ಮೇಲಿನ ಬಿಂದುವನ್ನು 15ರಿಂದ 24 ಸೆಂ.ಮೀಗೆ ಹಿಂದೆ ತಂದೆವು. ಮೇಲ್ತುದಿಯನ್ನು ಸರಿಸಿ, ಕೆಳಗಿದ್ದಾಗಲೂ ಎಳೆತ ಹೆಚ್ಚುಕಡಿಮೆ ಲಂಬವಾಗಿ ಇರುವ ಹಾಗೆ ಮಾಡಿದೆವು. ಕೆಲಸಕ್ಕೆ ಬರುವ ದೂರ ಎಲ್ಲೂ 22 ಸೆಂ.ಮೀಗಿಂತ ಕಡಿಮೆ ಆಗಲಿಲ್ಲ. ಅದೇ ಬ್ಲೇಡಿಗೆ ಈಗ 164 ಕೆಜಿ ಸಾಕು. ಹೊಸದಾಗಿ ತಂದಿದ್ದೂ ಅದೇ 3000 ನ್ಯೂಟನ್‌ನ ಆಕ್ಚುವೇಟರ್. ದೂರ ಜಾಸ್ತಿಯಾದರೆ ರಾಡ್ ಜಾಸ್ತಿ ಓಡಬೇಕು, ನಿಜ. ಭಾರದ ನಡುಬಿಂದು 25 ಸೆಂ.ಮೀ ಏರಲು ಇಲ್ಲಿ 8 ಸೆಂ.ಮೀ ಓಟ ಬೇಕಾಯಿತು. 15 ಸೆಂ.ಮೀ ಓಟದ ಆಕ್ಚುವೇಟರ್‌ನಲ್ಲಿ ಇನ್ನೂ ಜಾಗ ಉಳಿಯಿತು, ಅದು ಮುಂದಿನದಕ್ಕೆ ಬೇಕಿತ್ತು.

ಮುಂದಿನದು ಅಂದರೆ ಚೈನು. ರಾಡಿನ ತುದಿಗೂ ಫ್ರೇಮಿಗೂ ನಡುವೆ ನೇರ ಪಿನ್ ತೆಗೆದು ಒಂದು ಗಿಡ್ಡ ಚೈನು ಹಾಕಿದೆವು. ಎಳೆದರೆ ಚೈನು ಬಿಗಿಯುತ್ತದೆ, ಉಪಕರಣ ಏಳುತ್ತದೆ. ಇಳಿಸಿದ ಮೇಲೆ ಇನ್ನೂ 5 ಸೆಂ.ಮೀ ರಾಡ್ ಬಿಟ್ಟರೆ ಚೈನು ಸಡಿಲ. ಆಮೇಲೆ ಉಪಕರಣ ತನ್ನ ಪಾಡಿಗೆ ನೆಲದ ಮೇಲೆ. ಕಲ್ಲು ಬಂದರೆ ಏರುತ್ತದೆ, ತಗ್ಗು ಬಂದರೆ ಇಳಿಯುತ್ತದೆ. ಚಕ್ರ ಗುಂಡಿಗೆ ಇಳಿದರೂ ರಾಡ್ ಮೇಲೆ ಒಂದು ಕೆಜಿಯೂ ಬೀಳುವುದಿಲ್ಲ, ಯಾಕಂದರೆ ಚೈನಿನಿಂದ ಯಾರೂ ಯಾರನ್ನೂ ತಳ್ಳಲಾಗುವುದಿಲ್ಲ. ರಾಡಿಗೆ ಅಡ್ಡ ಎಳೆತ ಬೀಳುವುದೂ ತಪ್ಪಿತು. ಇಡೀ ಕೆಲಸದಲ್ಲಿ ಅತಿ ಸಣ್ಣ ಬದಲಾವಣೆ ಇದು, ಅತಿ ಹೆಚ್ಚು ಫಲ ಕೊಟ್ಟಿದ್ದೂ ಇದೇ.

ಆದರೆ ಬಿಟ್ಟುಬಿಟ್ಟ ಉಪಕರಣಕ್ಕೆ ಆಳ ಹೇಳುವವರು ಯಾರು? ಕಲ್ಟಿವೇಟರ್ ಈಗ ಮೆದು ಮಣ್ಣಲ್ಲಿ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯತೊಡಗಿತು. ಚೈನಿನ ಉದ್ದದಲ್ಲೇ ಆಳ ತಡೆಯೋಣ ಅಂತ ಅವರು ನೋಡಿದರು. ಹಾಗೆ ಮಾಡಿದರೆ ಚೈನು ಬಿಗಿಯಾದ ಕೂಡಲೇ ಆಳ ಮತ್ತೆ ಮುಂದಿನ ಚಕ್ರದ ಏರಿಳಿತಕ್ಕೆ ಸಿಗುತ್ತದೆ. ಕಲ್ಟಿವೇಟರಿನ ಎರಡು ತುದಿಗೆ ಎತ್ತರ ಹೊಂದಿಸಬಹುದಾದ ಸಣ್ಣ ಚಕ್ರ ಹಾಕಿದ ಮೇಲೆ ಆಳ ಒಂದೇ ಸಮ ಬಂತು. ಅಲೆ ಹೋಯಿತು.

ಚೈನು ಇನ್ನೊಂದು ತೊಂದರೆ ತಂದಿತು. ಉಪಕರಣ ಎತ್ತಿಕೊಂಡು ಹೋಗುವಾಗ ಅದು ಕುಣಿಯುತ್ತದೆ, ಪ್ರತಿ ಕುಣಿತಕ್ಕೂ ಸ್ಕ್ರೂಗೆ ಝಟಕ. ಅದಕ್ಕೆ ಪಕ್ಕದ ಪ್ಲೇಟಿನಿಂದ ಫ್ರೇಮಿಗೆ ಒಂದು ಕಬ್ಬಿಣದ ಪಟ್ಟಿ. ಪೂರ್ತಿ ಎತ್ತಿ, ಪಟ್ಟಿಯ ತೂತಿಗೆ ಪಿನ್ ಹಾಕಿ, ರಾಡನ್ನು ಒಂದಿಷ್ಟು ಸಡಿಲ ಬಿಟ್ಟರೆ ಭಾರ ಪಟ್ಟಿಯ ಮೇಲೆ. ಎತ್ತುವುದು ಆಕ್ಚುವೇಟರಿನ ಕೆಲಸ, ಹೊತ್ತು ನಿಲ್ಲುವುದು ಪಟ್ಟಿಯ ಕೆಲಸ. ಉಪಕರಣದ ಕೆಳಗೆ ಕೈ ಹಾಕುವಾಗ ಮಾತ್ರ ಪಟ್ಟಿಯನ್ನೂ ನಂಬದೆ ಕೆಳಗೆ ಮರದ ದಿಮ್ಮಿ ಇಡುತ್ತಾರೆ.

ವೈರಿಂಗ್‌ನಲ್ಲಿ ಹೇಳುವಂಥದ್ದು ಕಡಿಮೆ. ಬೆರಳು ತೆಗೆದರೆ ನಿಲ್ಲುವ, ಎರಡೂ ಕಡೆಗೆ ಒತ್ತುವ ಸ್ವಿಚ್. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. 2.5 ಚದರ ಮಿ.ಮೀ ವೈರ್. ಕೀ ತೆಗೆದರೆ ಸ್ವಿಚ್ ಕೆಲಸ ಮಾಡದ ಹಾಗೆ ಒಂದು ರಿಲೇ. ಹಳೇ ಎಂಜಿನ್‌ನ ಚಾರ್ಜಿಂಗ್ ಸಾಲದು ಅಂತ ಅವರಿಗೆ ಹೆದರಿಕೆ ಇತ್ತು. ಭಾರ ಹೊತ್ತಾಗ 8 ಆಂಪಿಯರ್, ಒಂದು ಸಲ ಎತ್ತಲು 10 ಸೆಕೆಂಡ್. ಗಂಟೆಗೆ 40 ಸಲ ಎತ್ತಿದರೂ 1 ಆಂಪಿಯರ್-ಅವರ್ ಖರ್ಚಾಗುವುದಿಲ್ಲ. ಬರೀ 3 ಆಂಪಿಯರ್ ಕೊಡುವ ಚಾರ್ಜಿಂಗ್ ಕೂಡ ಅದನ್ನು ತುಂಬಿಕೊಡುತ್ತದೆ. ಮೋಟಾರಿಗೆ ಬಿಡುವು ಕೊಡುವುದನ್ನು ಮಾತ್ರ ಮರೆಯಬಾರದು. ಇಂಥ ಎಷ್ಟೋ ಆಕ್ಚುವೇಟರ್‌ಗಳು 25 ಶೇಕಡಾ ಹೊತ್ತು ಮಾತ್ರ ಓಡಲು ಮಾಡಿದವು: 10 ಸೆಕೆಂಡ್ ಓಡಿದರೆ 30 ಸೆಕೆಂಡ್ ಬಿಡುವು.

ಮುಂದಿನ ಚಕ್ರ ಹಗುರಾದಾಗ

ಚೈನು ಹಾಕಿದ ಮೇಲೆ ಬ್ಲೇಡನ್ನು ಕೆಳಕ್ಕೆ ಒತ್ತಲಾಗುವುದಿಲ್ಲ ಅನ್ನುವುದು ಅವರಿಗೆ ಬೇಸರ ತಂದಿತು. ಗಟ್ಟಿ ದಾರಿಯಲ್ಲಿ ಬ್ಲೇಡ್ ಕಚ್ಚುತ್ತಿರಲಿಲ್ಲ. 20 ಕೆಜಿ ಭಾರವನ್ನು ಬ್ಲೇಡ್ ಮೇಲೆಯೇ ಕಟ್ಟಿದರು. ಕಚ್ಚಿತು. ಎತ್ತಲು ಈಗ 232 ಕೆಜಿ ಬಲ ಬೇಕು, ಆಕ್ಚುವೇಟರ್ ಅದನ್ನೂ ತಾಳಿತು. ಆದರೆ ಎತ್ತಿಕೊಂಡು ಸಣ್ಣ ಏರು ಹತ್ತುವಾಗ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಹೋಯಿತು.

ಆಗ ಮುಂದಿನ ಆಕ್ಸಲ್ ಲೆಕ್ಕ ಹಾಕಿದೆವು. ಮೊದಲು 110. ಹೊಸ ಫ್ರೇಮ್ 3 ಕೆಜಿ ಕಳೆಯಿತು. ಬ್ಲೇಡ್ ಆಕ್ಸಲ್‌ಗಿಂತ 95 ಸೆಂ.ಮೀ ಹಿಂದಿರುವುದರಿಂದ ಎತ್ತಿದಾಗ 38 ಕಳೆಯಿತು. ಮೇಲೆ ಕಟ್ಟಿದ ಭಾರ ಇನ್ನೂ 16. ಉಳಿದಿದ್ದು 53. ಟ್ರ್ಯಾಕ್ಟರಿನ ಖಾಲಿ ತೂಕದಲ್ಲಿ ಕನಿಷ್ಠ 20 ಶೇಕಡಾ ಮುಂದಿನ ಆಕ್ಸಲ್ ಮೇಲೆ ಇರಬೇಕು ಅನ್ನುವುದು ದೊಡ್ಡ ಟ್ರ್ಯಾಕ್ಟರ್‌ಗಳ ಕೈಪಿಡಿಗಳಲ್ಲಿ ಇರುವ ನಿಯಮ. ಇಲ್ಲಿ ಅದು 60 ಕೆಜಿ. ನಾವು ಅದರ ಕೆಳಗಿದ್ದೆವು, ಅದೂ ಮಟ್ಟ ನೆಲದಲ್ಲಿ. ಏರಿನಲ್ಲಿ ಇನ್ನೂ ಕಡಿಮೆ.

ಮುಂದಿನ ಆಕ್ಸಲ್‌ಗಿಂತ 30 ಸೆಂ.ಮೀ ಮುಂದೆ ಬ್ರಾಕೆಟ್ ಮಾಡಿ 30 ಕೆಜಿ ತೂಕ ಕೂರಿಸಿದರು. ಮುಂದೆ ಚಾಚಿದ್ದರಿಂದ ಅದು ಆಕ್ಸಲ್‌ಗೆ 37 ಕೆಜಿ ಸೇರಿಸಿತು. ಒಟ್ಟು 90. ಸ್ಟಿಯರಿಂಗ್ ಮರಳಿ ಬಂತು. ನನ್ನ ಪ್ರಕಾರ ಈ ತೂಕ ಲಿಫ್ಟಿನದೇ ಒಂದು ಭಾಗ. ಹಿಂದಿನದನ್ನು ಮಾಡಿ ಮುಂದಿನದನ್ನು ಆಮೇಲೆ ನೋಡೋಣ ಅನ್ನುವುದು ಅಪಾಯ.

ಈಗ

ಒಂದು ಹಂಗಾಮು ಪೂರ್ತಿ ಇದರಲ್ಲೇ ಕೆಲಸ ಮಾಡಿದ್ದಾರೆ. ಕೊನೆಗೆ ಬಿಚ್ಚಿ ನೋಡಿದಾಗ ಪಕ್ಕದ ಪ್ಲೇಟುಗಳು ನೇರವಾಗಿದ್ದವು, ಬೋಲ್ಟ್ ಸಡಿಲವಾಗಿರಲಿಲ್ಲ. ಕೀಲಿನ ಪಿನ್ ಸ್ವಲ್ಪ ಸವೆದಿತ್ತು, ಬುಶ್ ಹಾಕಿದರು. ನಿಧಾನ ಅನ್ನುವ ದೂರು ಉಳಿದಿದೆ. ಪೂರ್ತಿ ಎತ್ತುವ ತನಕ ಸಾಲಿನ ಕೊನೆಯಲ್ಲಿ ಕಾಯಬೇಕು. ಈಗ ತಿರುವಿನಲ್ಲಿ ಹಲ್ಲು ಮಣ್ಣಿನಿಂದ ಹೊರಬರುವಷ್ಟು ಮಾತ್ರ ಎತ್ತುತ್ತಾರೆ. ಹಲ್ಲು ಒಳಗಿದ್ದಾಗ ತಿರುಗಿಸುವುದಿಲ್ಲ, ಅಕ್ಕಪಕ್ಕದ ಎಳೆತ ಪೂರ್ತಿ ಕೀಲಿನ ಮೇಲೆ ಬೀಳುತ್ತದೆ ಅಂತ ಅವರಿಗೆ ಗೊತ್ತು.

ಈಚೆಗೆ ಪರಿಚಯದವರೊಬ್ಬರು 110 ಕೆಜಿಯ ಒಂದು ನೇಗಿಲು ಕೊಡುತ್ತೇನೆ ಅಂದರು. ಕೆಟಗರಿ 1ರದು, ದೊಡ್ಡ ಟ್ರ್ಯಾಕ್ಟರಿನದು. ಪಿನ್ ಹೊಂದಿಸಿಕೊಂಡರೆ ಆಗುತ್ತೆ ಅನ್ನುವುದು ಕೊಡುವವರ ಮಾತು. ಇವರು ನೇಗಿಲಿನ ಭಾರದ ನಡುಬಿಂದು ಎಲ್ಲಿದೆ ಅಂತ ಅಳೆದುಕೊಂಡು ಬಂದು, ಲೆಕ್ಕವನ್ನು ತಾವೇ ಹಾಕಿದರು. ಎತ್ತಲು 450 ಕೆಜಿ ಬಲ ಬೇಕು, ಇರುವುದು 306. ಎತ್ತಿದರೆ ಮುಂದಿನ ಆಕ್ಸಲ್ ಮೇಲೆ ಉಳಿಯುವುದು 43, ಬೇಕಿರುವುದು 60. ಆ ಹಾಳೆಯನ್ನು ನನಗೆ ತೋರಿಸಿ, ನೇಗಿಲು ಬೇಡ ಅಂತ ಹೇಳಿ ಕಳಿಸಿದರು.